ಅಪ್ಪನ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಯಾವಾಗ?

ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಡೋ ಹೊತ್ತಿಗೆ ಮನೆಯಿಂದ ಫೋನ್: "ಕಂಪ್ಯೂಟರ್‌ನಾಗ ಅಪ್‌ಗ್ರೇಡ್ ಮಾಡ್ರಿ ಅಂತ ಬರಾಕತ್ತೈತಿ, ಬಂದಾಗ ಒಂದೀಟು ನೋಡಪಾ." ಹಿಂಜವಡಿಯಲ್ಲಿ ದಿನವಿಡೀ ಸರ್ವರ್ ನೋಡಿಕೊಳ್ಳೋ ನಾವು, ಅಪ್ಪನ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಹಿಂದೆಮುಂದೆ ನೋಡ್ತೀವಿ. ಈಗಲೇ ಮಾಡೋದಾ, ತಡೆಯೋದಾ? ಇತಿಹಾಸದ ಎರಡು ಘಟನೆ ನೋಡಿದರೆ ಉತ್ತರ ಸಿಗುತ್ತೆ.

ಮೊದಲನೆಯದು ಅವಸರದ್ದು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಂತು. ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವ್‌ನಂಥ ಬೇರೆ ಜಾಗಕ್ಕೆ ತಿರುಗಿಸಿಕೊಂಡಿದ್ದ ಕೆಲವರಿಗೆ, ಹಳೇ ಜಾಗದಲ್ಲಿ ಉಳಿದಿದ್ದ ಕಡತಗಳೆಲ್ಲ ಅಳಿಸಿಹೋದವು. ನಾಲ್ಕೇ ದಿನದಲ್ಲಿ ವಿತರಣೆ ನಿಂತಿತು. ಸರಿಮಾಡಿ ಮತ್ತೆ ಬಿಟ್ಟಿದ್ದು ನವೆಂಬರ್ 13ಕ್ಕೆ. ಕಡತ ಹೋಯಿತು ಅಂತ ದೂರಿದವರು ಹತ್ತು ಸಾವಿರಕ್ಕೆ ಒಬ್ಬರು ಅಂದಿತು ಮೈಕ್ರೋಸಾಫ್ಟ್. ಆ ಒಬ್ಬರು ನಮ್ಮಪ್ಪನೇ ಆಗಿದ್ದರೆ?

ಎರಡನೆಯದು ತಡಮಾಡಿದ್ದು. 2017ರ ಮೇ 12ರಂದು ವನ್ನಾಕ್ರೈ ಹರಡಿ, ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಸುಮಾರು 150 ದೇಶಗಳಿಗೆ ಪೆಟ್ಟು ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ನಿಂತಿತು. ಅದು ನುಗ್ಗಿದ ಕಿಂಡಿ ಮುಚ್ಚೋ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದೆ ಬಿಟ್ಟವರೇ ಹೆಚ್ಚಾಗಿ ಸಿಕ್ಕಿಬಿದ್ದರು. 2014ರಲ್ಲೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೆ ದಾಳಿ ಆದಮೇಲೆ ತುರ್ತು ಪ್ಯಾಚ್ ಕೊಡಬೇಕಾಯಿತು.

ಎರಡಕ್ಕೂ ಜಗಳ ಇಲ್ಲ ನೋಡಿ. ಭದ್ರತಾ ಪ್ಯಾಚ್ ಬೇರೆ, ಹೊಸ ಆವೃತ್ತಿ ಬೇರೆ. ಪ್ಯಾಚ್ ಬಂದ ವಾರದಲ್ಲೇ ಹಾಕಿ. ಹೊಸ ಆವೃತ್ತಿಗೆ ಒಂದೆರಡು ತಿಂಗಳು ಕಾಯಿರಿ, ಆದರೆ ಹಳೆಯದರ ಬೆಂಬಲ ಮುಗಿಯೋ ತಾರೀಖು ದಾಟಬೇಡಿ. ವಿಂಡೋಸ್ 10ಕ್ಕೆ ಆ ತಾರೀಖು 2025ರ ಅಕ್ಟೋಬರ್ 14. ಟಿಪಿಎಂ 2.0 ಇಲ್ಲದ ಹಳೇ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗೋದಿಲ್ಲ. ಅಂಥವರು ಒಂದು ವರ್ಷದ ಹೆಚ್ಚುವರಿ ಪ್ಯಾಚ್ ಯೋಜನೆಗೆ ನೋಂದಾಯಿಸಿಕೊಂಡು, ಅಷ್ಟರಲ್ಲಿ ಮುಂದಿನ ದಾರಿ ನೋಡಬೇಕು.

ಕನ್ನಡದ ಮನೆಗೆ ಇನ್ನೊಂದು ಕೆಲಸ ಇದೆ. ಮರಾಠಿಗೆ ವಿಂಡೋಸ್ 2000ದಲ್ಲೇ ಯೂನಿಕೋಡ್ ಬೆಂಬಲ ಸಿಕ್ಕಿತು; ಕನ್ನಡಕ್ಕೆ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. ಆಮೇಲೂ ವರ್ಷಗಟ್ಟಲೆ ನಮ್ಮವರು ನುಡಿ, ಬರಹದ ಹಳೇ ಫಾಂಟ್‌ಗಳಲ್ಲೇ ಬರೆದರು. ಅಲ್ಲಿ 'ಕ' ಅನ್ನೋದು ಇಂಗ್ಲಿಷ್ ಸಂಕೇತದ ಜಾಗದಲ್ಲಿ ಕೂತ ಒಂದು ಚಿತ್ರ ಅಷ್ಟೆ. ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಫಾಂಟೂ ಹೋಗುತ್ತೆ. ಕಡತ ಉಳಿದರೂ ಅಪ್ಪ ಬರೆದಿಟ್ಟ ನೆನಪುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಅದಕ್ಕೇ ಈ ಸಲ ಊರಿಗೆ ಹೋದಾಗ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಒಯ್ಯಿರಿ. ಕಡತ, ಫಾಂಟ್ ಎರಡನ್ನೂ ನಕಲು ಮಾಡಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಮುಖ್ಯವಾದವನ್ನು ಯೂನಿಕೋಡ್‌ಗೆ ಬದಲಿಸಿ, ಅಪ್ಪನನ್ನೇ ಕೂರಿಸಿ ಓದಿಸಿ. ಅವರು "ಹೂಂ, ಎಲ್ಲಾ ಐತಿ" ಅಂದಮೇಲೆ ಅಪ್‌ಗ್ರೇಡ್ ಬಟನ್ ಒತ್ತಿ.