ಒತ್ತಕ್ಷರಕ್ಕೆ ಜಾಗ ಸಿಕ್ಕ ಕಥೆ: ಗಣಕದ ಪರದೆಯ ವೇಷಗಳು ಮತ್ತು ಕನ್ನಡ



‘ಬಸವೇಶ್ವರನಗರ’ ಎಂಬ ಹೆಸರನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರು ಬಸ್ಸಿನ ಫಲಕದಲ್ಲಿ, ಅಂಗಡಿಗಳ ಬೋರ್ಡಿನಲ್ಲಿ ದಿನವೂ ಓದುವ ಹೆಸರು ಇದು. ಇದರಲ್ಲಿ ಎಂಟು ಅಕ್ಷರಗಳಿವೆ. ಏಳು ಅಕ್ಷರಗಳು ಸಾಲಿನ ಮೇಲೆ ನೆಟ್ಟಗೆ ಕೂರುತ್ತವೆ. ‘ಶ್ವ’ ಎಂಬಲ್ಲಿ ಮಾತ್ರ ವಕಾರದ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ. ಈ ಒಂದು ಒತ್ತಿಗೆ ಗಣಕದ ಪರದೆಯ ಮೇಲೆ ಜಾಗ ಸಿಗಲು ಎಷ್ಟೋ ವರ್ಷಗಳು ಬೇಕಾದವು.

ಗಣಕವನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆ ಕೆಲವು ವರ್ಷಗಳಿಗೊಮ್ಮೆ ತನ್ನ ವೇಷ ಬದಲಿಸುತ್ತದೆ. ಕಪ್ಪು ಹೋಗಿ ಬೂದು ಬಂತು, ಬೂದು ಹೋಗಿ ನೀಲಿ ಬಂತು, ಆಮೇಲೆ ಗಾಜಿನ ಹೊಳಪು, ಅದರ ನಂತರ ಚಪ್ಪಟೆ ಬಣ್ಣಗಳು. ಇದು ಬರಿಯ ಅಲಂಕಾರವೆಂದು ನಿಮಗೆ ಅನ್ನಿಸಬಹುದು. ಆದರೆ ಪ್ರತಿಯೊಂದು ವೇಷದ ಹಿಂದೆಯೂ ಒಂದು ಅಳತೆಗೋಲು ಇರುತ್ತದೆ. ಒಂದು ಅಕ್ಷರಕ್ಕೆ ಎಷ್ಟು ಜಾಗ ಕೊಡಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಆ ಅಳತೆ ಯಾವ ಲಿಪಿಯದು ಎಂಬುದೇ ಇಲ್ಲಿಯ ಪ್ರಶ್ನೆ.

ಕಪ್ಪು ಪರದೆಯ ಕಾಲ

1981ರಲ್ಲಿ ಎಂಎಸ್-ಡಾಸ್ ಬಂದಾಗ ಪರದೆಯೆಂದರೆ ಚೌಕುಳಿ ಹಾಳೆಯಿದ್ದಂತೆ. ಅಡ್ಡಲಾಗಿ 80 ಮನೆ, ಉದ್ದಕ್ಕೆ 25 ಸಾಲು, ಒಟ್ಟು 2000 ಮನೆಗಳು. ಒಂದು ಮನೆಗೆ ಒಂದೇ ಅಕ್ಷರ. ಎಲ್ಲ ಮನೆಗಳೂ ಒಂದೇ ಅಳತೆಯವು. ಮುಂದೆ ವಿಜಿಎ ಪರದೆ ಬಂದಾಗಲೂ ಒಂದು ಮನೆಯ ಎತ್ತರ 16 ಚುಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಇದು ಸಾಕು. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು ಇರುವ ಕನ್ನಡಕ್ಕೆ ಸಾಲದು.

ಈ ತೊಡಕನ್ನು ಬಿಡಿಸಲು ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ‘ಜಿಸ್ಟ್’ ತಂತ್ರಜ್ಞಾನ ಒಂದು ಉಪಾಯ ಮಾಡಿತು. ಗಣಕದೊಳಗೆ ಒಂದು ಪ್ರತ್ಯೇಕ ಕಾರ್ಡು ಕೂರಿಸಿ, ಭಾರತೀಯ ಲಿಪಿಗಳನ್ನು ಪರದೆಗೆ ತರುವ ಕೆಲಸವನ್ನು ಅದಕ್ಕೆ ವಹಿಸಿತು. ಅಂದರೆ ಕನ್ನಡ ಆಗ ಮನೆಗೆ ಬರಬೇಕಾದರೆ ತನ್ನ ಕುರ್ಚಿಯನ್ನು ತಾನೇ ಹೊತ್ತು ತರಬೇಕಿತ್ತು.

ಬೂದು ಬಣ್ಣದ ಕಿಟಕಿಗಳು

1992ರ ವಿಂಡೋಸ್ 3.1 ಮತ್ತು 1995ರ ವಿಂಡೋಸ್ 95 ಚೌಕುಳಿ ಮನೆಗಳನ್ನು ಹಿಂದಕ್ಕೆ ಸರಿಸಿದವು. ಬೂದು ಬಣ್ಣದ ಗುಂಡಿಗಳಿಗೆ ಒಂದು ಅಂಚಿನಲ್ಲಿ ಬಿಳಿ, ಇನ್ನೊಂದು ಅಂಚಿನಲ್ಲಿ ಕಪ್ಪು ಗೆರೆ ಎಳೆದು ಉಬ್ಬಿದಂತೆ ಕಾಣಿಸಿದರು. ‘ಇದನ್ನು ಒತ್ತಬಹುದು’ ಎಂದು ಹೊಸಬರಿಗೆ ಹೇಳುವ ಉಪಾಯ ಅದು. ಅಕ್ಷರಗಳನ್ನು ಬೇಕಾದ ಗಾತ್ರಕ್ಕೆ ಹಿಗ್ಗಿಸಬಲ್ಲ ಟ್ರೂಟೈಪ್ ಫಾಂಟುಗಳೂ ಬಂದವು.

ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರಗಳು ಗಣಕದಲ್ಲೇ ಸಿದ್ಧವಾಗತೊಡಗಿದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡದ ಬೆರಳಚ್ಚನ್ನು ಸರಳಗೊಳಿಸಿತು.

ಆದರೆ ಒಂದು ಗುಟ್ಟು ಉಳಿದಿತ್ತು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಗಣಕದ ಲೆಕ್ಕಕ್ಕೆ ಇಂಗ್ಲಿಷ್. ಆ ಫಾಂಟು ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತಿತ್ತು. ಒಳಗೆ ಕನ್ನಡ ಕವಿತೆಯಿದ್ದರೂ ಕಡತದ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು.

ನೀಲಿ ಪಟ್ಟಿ, ಹಸಿರು ಗುಡ್ಡ

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯನ್ನು ಜನ ಅದರ ನೀಲಿ ಪಟ್ಟಿ ಮತ್ತು ಹಸಿರು ಗುಡ್ಡದ ಚಿತ್ರದಿಂದ ನೆನೆಯುತ್ತಾರೆ. ಕನ್ನಡಿಗರು ನೆನೆಯಬೇಕಾದದ್ದು ಬೇರೆ. ಅದರಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಇತ್ತು. ಯೂನಿಕೋಡ್ ಕನ್ನಡಕ್ಕೆ ಬೆಂಬಲವಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆಗಳನ್ನು ಕೊಟ್ಟಿತ್ತು. ನಮ್ಮ ‘ಬಸವೇಶ್ವರನಗರ’ ಈ ಲೆಕ್ಕದಲ್ಲಿ 11 ಸಂಖ್ಯೆಗಳು. ಶಕಾರ, ಅರ್ಧಾಕ್ಷರದ ಚಿಹ್ನೆ, ವಕಾರ ಎಂಬ ಮೂರನ್ನು ಸೇರಿಸಿ ‘ಶ್ವ’ ಬರೆಯುವ ಕೆಲಸ ಫಾಂಟಿನ ನಿಯಮಗಳದ್ದು. ಈಗ ಕಡತದ ಹೆಸರೂ ಕನ್ನಡದಲ್ಲಿರಬಹುದಾಯಿತು. ಆದರೂ ಎಕ್ಸ್‌ಪಿಯಲ್ಲಿ ಈ ಸೌಲಭ್ಯವನ್ನು ನಿಯಂತ್ರಣ ಫಲಕಕ್ಕೆ ಹೋಗಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾಗಿತ್ತು.

ಜಾಗದ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಎಕ್ಸ್‌ಪಿಯ ಮೆನುಗಳ ಇಂಗ್ಲಿಷ್ ಅಕ್ಷರದ ಗಾತ್ರ 8 ಪಾಯಿಂಟು, ಎಂದರೆ ಆಗಿನ ಪರದೆಯ ಮೇಲೆ ಸುಮಾರು 11 ಚುಕ್ಕೆ. ಅಷ್ಟರಲ್ಲಿ ತಲೆಕಟ್ಟು, ಗುಡಿಸು, ಒತ್ತು ಮೂರನ್ನೂ ಬಿಡಿಸಿ ತೋರಿಸುವುದು ಕಷ್ಟ.

ಗಾಜಿನಿಂದ ಚಪ್ಪಟೆಗೆ

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ, 2009ರ ವಿಂಡೋಸ್ 7 ಗಾಜಿನಂತೆ ಹೊಳೆದವು. ಮೆನುವಿನ ಅಕ್ಷರ 9 ಪಾಯಿಂಟಿಗೆ ಏರಿತು. ಅಕ್ಷರದ ಅಂಚನ್ನು ನಯಗೊಳಿಸುವ ಕ್ಲಿಯರ್‌ಟೈಪ್ ತಂತ್ರ ತಾನಾಗಿಯೇ ಜಾರಿಯಲ್ಲಿತ್ತು. ದುಂಡಗಿನ ಲಿಪಿಗೆ ಇದು ಉಪಕಾರಿ. 2012ರ ವಿಂಡೋಸ್ 8 ಗಾಜನ್ನೂ ಉಬ್ಬನ್ನೂ ತೆಗೆದು ಚಪ್ಪಟೆ ಬಣ್ಣದ ಹಲಗೆಗಳನ್ನಿಟ್ಟಿತು. ಬೆರಳಿನಿಂದ ಮುಟ್ಟುವ ಪರದೆಗೆ ದೊಡ್ಡ ಚೌಕಗಳು, ಧಾರಾಳವಾದ ಖಾಲಿ ಜಾಗ ಬೇಕು. ಅದೇ ಆವೃತ್ತಿಯಲ್ಲಿ ಭಾರತೀಯ ಲಿಪಿಗಳಿಗಾಗಿ ‘ನಿರ್ಮಲಾ’ ಫಾಂಟು ಬಂತು. 2014ರ ಆಂಡ್ರಾಯ್ಡ್ 5.0ರಲ್ಲಿ ಹೊಸ ಚಪ್ಪಟೆ ಶೈಲಿಯೂ ಕನ್ನಡ ಭಾಷೆಯ ಆಯ್ಕೆಯೂ ಒಟ್ಟಿಗೇ ಬಂದವು. ಕಿಸೆಯೊಳಗಿನ ಫೋನಿನ ಮೆನುವೇ ಕನ್ನಡದಲ್ಲಿ ಮಾತಾಡತೊಡಗಿತು.

ಹೀಗೆ, ಬೆರಳಿಗೆಂದು ಬಿಟ್ಟ ಜಾಗ ನಮ್ಮ ಒತ್ತಿಗೂ ಒದಗಿತು. ಆದರೆ ಜಾಗ ಮಾತ್ರ ಸಾಕಾಗುತ್ತಿರಲಿಲ್ಲ. ಅಕ್ಷರಕ್ಕೆ ಅದರದ್ದೇ ಸಂಖ್ಯೆಯಿದ್ದುದರಿಂದಲೇ ಅದು ಒಂದು ವೇಷದಿಂದ ಇನ್ನೊಂದಕ್ಕೆ ಕೆಡದೆ ದಾಟಿತು. ಹಳೆಯ ಸಂಕೇತಗಳಲ್ಲಿ ಉಳಿದ ಬರಹಕ್ಕೆ ಆ ಭಾಗ್ಯವಿಲ್ಲ. ಯೂನಿಕೋಡಿಗೆ ಪರಿವರ್ತಿಸದಿದ್ದರೆ ಅದು ಕಣ್ಣೆದುರಿಗಿದ್ದೂ ಓದಲಾಗದ ಶಾಸನದಂತೆ ಉಳಿಯುತ್ತದೆ.

ಆದ್ದರಿಂದ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲೋ ಕಾಲೇಜಿನಲ್ಲೋ ಹಳೆಯ ಕನ್ನಡ ಕಡತಗಳಿದ್ದರೆ ತೆರೆದು ನೋಡಿ. ಅರ್ಥವಾಗದ ಅಕ್ಷರಗಳು ಕಂಡರೆ ಅಳಿಸಬೇಡಿ; ಬಲ್ಲವರ ನೆರವಿನಿಂದ ಪರಿವರ್ತಿಸಿ ಉಳಿಸಿ. ಬಳಿಕ ನಿಮ್ಮ ಫೋನಿನ ಭಾಷೆಯನ್ನು ಒಂದು ವಾರ ಕನ್ನಡಕ್ಕೆ ಬದಲಿಸಿ. ಎಲ್ಲಿ ಒತ್ತು ಕತ್ತರಿಸಿದೆ, ಎಲ್ಲಿ ಪದ ಅರ್ಧಕ್ಕೆ ನಿಂತಿದೆ ಎಂದು ಪಟ್ಟಿ ಮಾಡಿ. ಮುಂದಿನ ವೇಷವನ್ನು ಹೊಲಿಯುವವರಲ್ಲಿ ನಿಮ್ಮಲ್ಲೂ ಒಬ್ಬರಿರಬಹುದು. ಆಗ ಈ ಪಟ್ಟಿ ನಿಮಗೆ ಬೇಕಾಗುತ್ತದೆ.