ಜೀರ್ಣೋದ್ಧಾರಕ್ಕೆ ಮುನ್ನ ಒಂದು ಛಾಯಾಚಿತ್ರ
(ಗೋಕಾಕ ಜಲಪಾತದ ಗಿರಣಿಯನ್ನು ನಿಮಿತ್ತವಾಗಿಟ್ಟುಕೊಂಡು)

ಹಳೆಯ ಕಟ್ಟಡಕ್ಕೆ ಎರಡು ಕಡೆಯಿಂದ ಹಾನಿ ತಟ್ಟುತ್ತದೆ. ಒಂದು ಕಾಲದಿಂದ, ಇನ್ನೊಂದು ಅದನ್ನು ಉಳಿಸಲು ಹೊರಟವರ ಕೈಯಿಂದ. ಕಾಲವು ಗೋಡೆಯನ್ನು ಕೆಡವಿದರೂ ಅಡಿಪಾಯದ ಗುರುತನ್ನು ಬಿಟ್ಟುಹೋಗುತ್ತದೆ. ದುರಸ್ತಿಯ ಗಾರೆ ಮತ್ತು ಬಣ್ಣ ಆ ಗುರುತನ್ನೂ ನುಂಗಿಬಿಡುತ್ತವೆ. ಆದುದರಿಂದ ಜೀರ್ಣೋದ್ಧಾರದ ಸಂಕಲ್ಪ ಮಾಡಿದವರು ಮೊದಲು ಕೈಗೆತ್ತಿಕೊಳ್ಳಬೇಕಾದುದು ಸುತ್ತಿಗೆಯನ್ನಲ್ಲ, ಕ್ಯಾಮೆರಾವನ್ನು. ಈ ಮಾತು ದೇವಾಲಯಕ್ಕೆ ಸಲ್ಲುವಷ್ಟೇ ಕಾರ್ಖಾನೆಗೂ ಸಲ್ಲುತ್ತದೆಂಬುದನ್ನು ನಮ್ಮ ನೆರೆಯ ಉದಾಹರಣೆಯಿಂದಲೇ ನೋಡೋಣ.

ಗೋಕಾಕದ ಬಳಿ ಘಟಪ್ರಭಾ ನದಿ ಸುಮಾರು 52 ಮೀಟರು ಎತ್ತರದ ಮರಳುಗಲ್ಲಿನ ಬಂಡೆಯಿಂದ ಧುಮುಕುತ್ತದೆ. ಈ ನೀರಿನ ಬಲವನ್ನು ನಂಬಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪಿತವಾಯಿತು. 1887ರಲ್ಲಿ ಹತ್ತಿಯ ನೂಲಿನ ಗಿರಣಿ ಕೆಲಸವಾರಂಭಿಸಿತು. ಜಲಪಾತದ ಮೇಲ್ಭಾಗದಲ್ಲಿ ಸುಮಾರು 201 ಮೀಟರು ಉದ್ದದ ತೂಗುಸೇತುವೆ, ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ, ಕೆಳಗಿನ ಕಮರಿಯಲ್ಲಿ ಯಂತ್ರಗೃಹ. ಶತಮಾನಗಳ ಅಂತರವಿರುವ ಕಟ್ಟಡಗಳು ಒಂದೇ ನೋಟದಲ್ಲಿ ಕಾಣುವ ಸ್ಥಳ ಇದು. ಪ್ರವಾಸಿಗರು ಜಲಪಾತದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಗಿರಣಿಯ ಗೋಡೆಯ ಚಿತ್ರ ತೆಗೆಯುವವರು ವಿರಳ.

ಆ ಗೋಡೆಯಲ್ಲಿ ಏನಿದೆ ಎಂದು ಕೇಳಬಹುದು. ಒಂದು ಪ್ರಶ್ನೆಯನ್ನೇ ಪರಿಶೀಲಿಸೋಣ. ಭಾರತದಲ್ಲಿ ಮೊಟ್ಟಮೊದಲು ನೀರಿನಿಂದ ವಿದ್ಯುತ್ ಉತ್ಪಾದನೆಯಾದದ್ದು 1887ರಲ್ಲಿ ಗೋಕಾಕದಲ್ಲಿ ಎಂದು ಪ್ರವಾಸ ಪುಸ್ತಿಕೆಗಳು ಹೇಳುತ್ತವೆ. ಆದರೆ ಆ ಗೌರವವನ್ನು ಸಾಮಾನ್ಯವಾಗಿ 1897ರ ಡಾರ್ಜಿಲಿಂಗಿನ ಸಿದ್ರಾಪೊಂಗ್ ಕೇಂದ್ರಕ್ಕೆ ಕೊಡಲಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದುದು ಎಲ್ಲರಿಗೂ ತಿಳಿದ ಸಂಗತಿ. ನೀರಿನ ಬಲದಿಂದ ಚಕ್ರವನ್ನು ತಿರುಗಿಸಿ, ಆ ತಿರುಗಾಟವನ್ನು ಹಗ್ಗ, ರಾಟೆ, ದಂಡಗಳ ಮೂಲಕ ಯಂತ್ರಕ್ಕೆ ಒಯ್ಯುವುದು ಬೇರೆ, ಅದೇ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸಿ ತಂತಿಯಲ್ಲಿ ಕಳುಹಿಸುವುದು ಬೇರೆ. ಇಂಥ ವಿವಾದದಲ್ಲಿ ಅಭಿಮಾನ ಸಾಕ್ಷಿಯಾಗಲಾರದು. ಗೋಡೆಯಲ್ಲಿ ದಂಡವನ್ನು ಹೊತ್ತ ಬ್ರಾಕೆಟ್ಟಿನ ರಂಧ್ರ, ನೆಲದಲ್ಲಿ ಯಂತ್ರ ಕೂತಿದ್ದ ಕಲ್ಲಿನ ಪೀಠ, ಹಗ್ಗ ಹಾದುಹೋಗಲು ಬಿಟ್ಟ ಕಿಂಡಿ, ಇವು ಸಾಕ್ಷಿಗಳು. ಸಿಮೆಂಟಿನಿಂದ ಒಂದು ರಂಧ್ರವನ್ನು ಮುಚ್ಚಿದಾಗ ಒಬ್ಬ ಸಾಕ್ಷಿಯ ಬಾಯಿ ಮುಚ್ಚಿದಂತೆ.

ನಮ್ಮ ನಾಡಿನ ಹಳೆಯ ಕಟ್ಟಡಗಳ ಛಾಯಾಗ್ರಹಣಕ್ಕೆ ದೀರ್ಘ ಇತಿಹಾಸವಿದೆ. 1855ರಲ್ಲಿ ಮುಂಬಯಿ ಸರಕಾರವು ಕ್ಯಾಪ್ಟನ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆಗಳ ವಾಸ್ತುವನ್ನು ಚಿತ್ರಿಸಲು ನೇಮಿಸಿತು. ಆತನ ಹಾಗೂ ಆತನ ನಂತರ ಬಂದ ಪಿಗೌ, ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಅಚ್ಚಾದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ತನ್ನ ಮೊದಲ ಸರ್ವೇಕ್ಷಣೆ ನಡೆಸಿದನು. ಇವರೆಲ್ಲರ ಲಕ್ಷ್ಯ ಗುಡಿ, ಬಸದಿ, ಮಸೀದಿ, ಕೋಟೆಗಳ ಮೇಲಿತ್ತು. ದುಡಿಮೆಯ ಕಟ್ಟಡವೂ ಸ್ಮಾರಕವೆಂಬ ಅರಿವು ಬರಲು ಇನ್ನೂ ಬಹುಕಾಲ ಹಿಡಿಯಿತು. 1959ರಿಂದ ಜರ್ಮನಿಯ ಬೆಖರ್ ದಂಪತಿಗಳು ಗಣಿಯ ಗೋಪುರ, ನೀರಿನ ತೊಟ್ಟಿ, ಕುಲುಮೆಗಳನ್ನು ಮೋಡ ಮುಸುಕಿದ ಸಮಬೆಳಕಿನಲ್ಲಿ, ನೇರ ಎದುರಿನಿಂದ, ಆಡಂಬರವಿಲ್ಲದೆ ಚಿತ್ರಿಸುತ್ತ ಹೋದರು. 1964ರ ವೆನಿಸ್ ಸನದು ಪ್ರತಿಯೊಂದು ಜೀರ್ಣೋದ್ಧಾರಕ್ಕೂ ನಕ್ಷೆ ಮತ್ತು ಛಾಯಾಚಿತ್ರ ಸಹಿತ ದಾಖಲೆ ಇರಬೇಕೆಂದು ವಿಧಿಸಿತು. 2003ರಲ್ಲಿ ರಷ್ಯದ ನಿಜ್ನಿ ತಗೀಲ್ ನಗರದಲ್ಲಿ ಅಂಗೀಕೃತವಾದ ಸನದು ಕೈಗಾರಿಕಾ ಪರಂಪರೆಗಾಗಿಯೇ ನಿಯಮಗಳನ್ನು ರೂಪಿಸಿತು.

ನಮ್ಮ ಹಿರಿಯರಿಗೆ ದಾಖಲೆಯ ಬೆಲೆ ತಿಳಿಯದಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಮಾಡಿಸಿದವನ ಹೆಸರನ್ನು ಅವು ಉಳಿಸಿದವು. ಆದರೆ ದುರಸ್ತಿಗೆ ಮುಂಚೆ ಆ ಬಸದಿಗಳು ಹೇಗಿದ್ದವು, ಯಾವ ಕಂಬ ಹಳೆಯದು, ಯಾವುದು ಹೊಸದು, ಎಂಬುದನ್ನು ಶಾಸನ ಹೇಳಲಾರದು. ಶಿಲೆ ಹೇಳಲಾರದ ಆ ಅರ್ಧವನ್ನು ಛಾಯಾಚಿತ್ರ ಹೇಳಬಲ್ಲುದು. ಇಂದಿನ ಟ್ರಸ್ಟುಗಳು ದಾನಿಗಳ ಹೆಸರಿನ ಅಮೃತಶಿಲೆಯ ಫಲಕವನ್ನು ಮರೆಯದೆ ಹಾಕಿಸುತ್ತವೆ. ಇನ್ನರ್ಧದ ವಿಷಯದಲ್ಲಿ ಮಾತ್ರ ಉದಾಸೀನವಿದೆ.

ವ್ಯಾಪಾರಿ ಮನೆತನದವರಿಗೆ ಇದನ್ನು ತಿಳಿಯಪಡಿಸುವುದು ಕಷ್ಟವಲ್ಲ. ರೋಜುಕೀರ್ದಿಯನ್ನು ಅಂದಂದೇ ಬರೆಯಬೇಕು, ವರ್ಷಾಂತ್ಯಕ್ಕೆ ನೆನಪಿನಿಂದ ಬರೆದದ್ದು ಲೆಕ್ಕವಾಗದು. ಹಾಗೆಯೇ ಕೆಲಸ ಆರಂಭವಾಗುವ ಮುನ್ನ ಕಟ್ಟಡದ ನಾಲ್ಕೂ ದಿಕ್ಕಿನ, ಒಳಗಿನ ಪ್ರತಿ ಗೋಡೆಯ ಚಿತ್ರ ಇರಬೇಕು. ಬಳಿಕ ವಾರವಾರವೂ ಅದೇ ಸ್ಥಳದಲ್ಲಿ, ಅದೇ ಎತ್ತರದಲ್ಲಿ ನಿಂತು ತೆಗೆಯಬೇಕು. ನೆಲದಲ್ಲೊಂದು ಗುರುತು ಮಾಡಿಟ್ಟರೆ ಸಾಕು. ಚಿತ್ರದೊಳಗೆ ಅಳತೆಯ ಕೋಲೊಂದು ಕಾಣಬೇಕು. ದಿನಾಂಕ, ದಿಕ್ಕು, ಕೋಣೆಯ ಹೆಸರು ಬರೆದಿಡಬೇಕು. ಗಾರೆ ಕಿತ್ತಾಗ ಒಳಗಿನ ಇಟ್ಟಿಗೆ ಬಯಲಾಗುವ ಒಂದೆರಡು ದಿನಗಳೇ ಅತ್ಯಮೂಲ್ಯ, ಆ ದೃಶ್ಯ ಮತ್ತೆ ನೂರು ವರ್ಷ ದೊರೆಯದಿರಬಹುದು.

ಸತ್ಯವು ವಾಣಿಗೆ ಮಾತ್ರ ಸಂಬಂಧಿಸಿದ ವ್ರತವಲ್ಲ. ಚಿತ್ರವೂ ಸುಳ್ಳಾಡಬಲ್ಲುದು. ಬಿರುಕು ಬಿಟ್ಟ ಮೂಲೆಯನ್ನು ಚೌಕಟ್ಟಿನಿಂದ ಹೊರಗಿಡುವುದು, ಹೊಸ ಕಲ್ಲಿಗೆ ಹಳೆಯ ಬಣ್ಣ ಬಳಿದು ಮೂಲವೆಂದು ತೋರಿಸುವುದು, ಗಣಕಯಂತ್ರದಲ್ಲಿ ಕಲೆಗಳನ್ನು ಅಳಿಸುವುದು, ಇವು ಖೋಟಾ ಲೆಕ್ಕಕ್ಕೆ ಸಮಾನ. ಇನ್ನೊಂದು ಮೌನವೂ ಅಸತ್ಯವೇ. ಉದ್ಘಾಟನೆಯ ದಿನದ ಹಾರ ತುರಾಯಿಗಳ ಚಿತ್ರ ನೂರಿರುತ್ತವೆ, ಸಾರುವೆಯ ಮೇಲೆ ನಿಂತು ಕಲ್ಲು ಕೂರಿಸಿದ ಗವಂಡಿಯದು ಒಂದೂ ಇರುವುದಿಲ್ಲ. ಅವನ ಒಪ್ಪಿಗೆ ಪಡೆದು, ಅವನು ಬಯಸಿದಲ್ಲಿ ಹೆಸರು ಸಹಿತ ಚಿತ್ರವನ್ನಿಡುವುದು ಕೂಲಿಯಷ್ಟೇ ನ್ಯಾಯವಾದ ಸಲುವಳಿ.

ತೆಗೆದ ಚಿತ್ರವನ್ನು ಕಾಯುವುದೂ ಕರ್ತವ್ಯ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿದುದನ್ನು ಕಂಡ ನಮಗೆ ಒಂದೇ ಕಪಾಟಿನ ಒಂದೇ ಪ್ರತಿಯನ್ನು ನಂಬುವ ಧೈರ್ಯವಿರಬಾರದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ದಾನವೆಂದಷ್ಟೇ ಕೊಂಡಾಡುತ್ತೇವೆ. ಅದು ರಕ್ಷಣೆಯ ಉಪಾಯವೂ ಹೌದು. ಚಿತ್ರಗಳ ಮೂರು ಪ್ರತಿಗಳು ಮೂರು ಊರಿನಲ್ಲಿರಲಿ, ಆಯ್ದ ಕೆಲವು ಕಾಗದದ ಮೇಲೆ ಅಚ್ಚಾಗಿರಲಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಎಷ್ಟೋ ಮನೆತನಗಳ ಒಡೆತನದಲ್ಲಿ ಹತ್ತಿಯ ಜಿನ್ನು, ಎಣ್ಣೆಯ ಗಿರಣಿ, ಬೆಲ್ಲದ ಗಾಣದ ಮನೆ, ಹಳೆಯ ಉಗ್ರಾಣಗಳಿವೆ. ಗ್ರಾಹಕರೇ ಒಡೆಯರಾಗಿ 1969ರಲ್ಲಿ ಕಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ ಅಪರೂಪದ ಸಂಸ್ಥೆಯೂ ಈ ನೆಲದ್ದೇ. ಇವುಗಳಲ್ಲಿ ಕೆಲವು ನಾಳೆ ಮಂಗಲ ಕಾರ್ಯಾಲಯವಾಗಬಹುದು, ಕೆಲವು ಅಂಗಡಿ ಸಾಲಾಗಬಹುದು. ಅದು ತಪ್ಪಲ್ಲ, ಬಳಕೆಯಲ್ಲಿರುವ ಕಟ್ಟಡವೇ ಬಾಳುತ್ತದೆ. ಆದರೆ ಅಜ್ಜನ ದುಡಿಮೆಯ ಮನೆಯನ್ನು ಬದಲಿಸುವ ಮುನ್ನ ಒಂದು ದಿನವನ್ನು ಅದರ ಚಿತ್ರಕ್ಕಾಗಿ ಮೀಸಲಿಡುವ ನಿಯಮವನ್ನು ಪ್ರತಿ ಕುಟುಂಬವೂ, ಪ್ರತಿ ಟ್ರಸ್ಟೂ ಕೈಗೊಳ್ಳುವಂತಾಗಲಿ. ಖರ್ಚು ಅತ್ಯಲ್ಪ. ಮಾಡದೆ ಬಿಟ್ಟರೆ ಆಗುವ ನಷ್ಟಕ್ಕೆ ಮಾತ್ರ ಯಾವ ಖಾತೆಯಲ್ಲಿಯೂ ಭರ್ತಿ ಇಲ್ಲ.