ಕಟ್ಸ್‌ಲೋದ ಎರಡು ಗೋಡೆಗಳು

ಆಕ್ಸ್‌ಫರ್ಡ್ ಎಂದರೆ ಕಣ್ಣ ಮುಂದೆ ಬರುವುದು ಕಾಲೇಜುಗಳ ಗೋಪುರ, ಹಳೆಯ ಗ್ರಂಥಾಲಯ, ನದಿಯ ಮೇಲಿನ ದೋಣಿ. ಊರಿನ ಉತ್ತರದ ಅಂಚಿನಲ್ಲಿ, ಬ್ಯಾನ್ಬರಿ ರಸ್ತೆಯ ಪೂರ್ವಕ್ಕೆ ಇರುವ ಕಟ್ಸ್‌ಲೋ ಬಡಾವಣೆಗೆ ಪ್ರವಾಸಿಗಳು ಹೋಗುವುದಿಲ್ಲ. ಅಲ್ಲಿ ನೋಡುವಂಥದ್ದೇನೂ ಇಲ್ಲ. ಒಂದೇ ಗೋಡೆ ಹಂಚಿಕೊಂಡ ಜೋಡಿಮನೆಗಳು, ಮುಂದೆ ಪುಟ್ಟ ಅಂಗಳ, ಮೊಣಕಾಲೆತ್ತರದ ಬೇಲಿ, ಹಿಂದೆ ತರಕಾರಿ ಬೆಳೆಯುವಷ್ಟು ಜಾಗ. ಇಂಗ್ಲೆಂಡಿನ ಯಾವ ಊರಿನಲ್ಲಾದರೂ ಕಾಣುವ ಬೀದಿಗಳು.

ಆದರೆ ಇಲ್ಲಿನ ವೆಂಟ್‌ವರ್ತ್ ರಸ್ತೆಯಲ್ಲಿ ಪೂರ್ವಕ್ಕೆ ನಡೆಯುತ್ತಾ ಹೋದವರು ಇದ್ದಕ್ಕಿದ್ದಂತೆ ಆಲ್ಡ್ರಿಚ್ ರಸ್ತೆಯಲ್ಲಿರುತ್ತಾರೆ. ತಿರುವಿಲ್ಲ, ವೃತ್ತವಿಲ್ಲ. ರಸ್ತೆ ಅದೇ, ಹೆಸರು ಮಾತ್ರ ಬೇರೆ. ಪಕ್ಕದ ಕಾರ್ಲ್‌ಟನ್ ರಸ್ತೆಯೂ ಹೀಗೆಯೇ ನಡುವೆ ವುಲ್ಸಿ ರಸ್ತೆಯಾಗಿಬಿಡುತ್ತದೆ. ಹೆಸರು ಬದಲಾಗುವ ಜಾಗದಲ್ಲಿ, ಆಲ್ಡ್ರಿಚ್ ರಸ್ತೆಯ ಒಂದು ಮನೆಯ ಮೇಲೆ, 2006ರಲ್ಲಿ ಒಂದು ನೀಲಿ ಫಲಕ ಹಾಕಲಾಯಿತು. ಇಂಗ್ಲೆಂಡಿನಲ್ಲಿ ಇಂಥ ಫಲಕಗಳನ್ನು ಸಾಮಾನ್ಯವಾಗಿ ಕವಿಗಳು, ವಿಜ್ಞಾನಿಗಳು ಬಾಳಿದ ಮನೆಗೆ ಹಾಕುತ್ತಾರೆ. ಇಲ್ಲಿನ ಫಲಕ ಎರಡು ಗೋಡೆಗಳ ನೆನಪಿಗೆ. 1934ರಿಂದ 1959ರವರೆಗೆ ಈ ಎರಡು ರಸ್ತೆಗಳಿಗೆ ಅಡ್ಡಲಾಗಿ, ಒಂದು ಬಗೆಯ ಇಂಗ್ಲಿಷರನ್ನು ಇನ್ನೊಂದು ಬಗೆಯ ಇಂಗ್ಲಿಷರಿಂದ ದೂರವಿಡಲು ಗೋಡೆಗಳಿದ್ದವು.

ಈ ಕಥೆಗೆ ಹಿನ್ನೆಲೆಯಾಗಿ ಅಲ್ಲಿನ ಮನೆಗಳ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಮನೆಗಳ ಕೊರತೆ ತೀವ್ರವಾಗಿತ್ತು. 1919ರಲ್ಲಿ ಕ್ರಿಸ್ಟೋಫರ್ ಅಡಿಸನ್ ತಂದ ವಸತಿ ಕಾಯ್ದೆ, ದುಡಿಯುವ ವರ್ಗದವರಿಗೆ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಹೊಣೆಯನ್ನು ಊರಾಡಳಿತಗಳ ಮೇಲೆ ಹೊರಿಸಿತು. 1930ರ ಇನ್ನೊಂದು ಕಾಯ್ದೆ, ಕೊಳಗೇರಿ ಕೆಡವಿ ಅಲ್ಲಿದ್ದವರಿಗೆ ಬೇರೆ ಮನೆ ಕೊಡಲು ಸರ್ಕಾರದ ಹಣ ಒದಗಿಸಿತು. ಎರಡು ಯುದ್ಧಗಳ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದವು. ಅದರಲ್ಲಿ ಸುಮಾರು 11 ಲಕ್ಷ ಊರಾಡಳಿತಗಳು ಕಟ್ಟಿಸಿದವು. ಉಳಿದವು ಖಾಸಗಿಯವರು ಕಟ್ಟಿ ಮಾರಿದವು. ಸಾಲ ಅಗ್ಗವಾಗಿದ್ದರಿಂದ ಗುಮಾಸ್ತ, ಶಾಲಾ ಮೇಷ್ಟ್ರು, ಅಂಗಡಿಯ ಮ್ಯಾನೇಜರ್ ಮೊದಲ ಬಾರಿಗೆ ಸ್ವಂತ ಮನೆಯ ಕನಸು ಕಾಣತೊಡಗಿದ್ದರು.

ಈ ಎರಡೂ ಬಗೆಯ ಬಡಾವಣೆಗಳಿಗೆ ಇಂಗ್ಲಿಷಿನಲ್ಲಿ ಇರುವುದು ಒಂದೇ ಪದ, ಎಸ್ಟೇಟ್. ಕನ್ನಡಿಗರಿಗೆ ಈ ಪದ ಕೇಳಿದರೆ ಕೊಡಗಿನ ಕಾಫಿ ತೋಟವೋ ಚಿಕ್ಕಮಗಳೂರಿನ ಬಂಗಲೆಯೋ ನೆನಪಾಗುತ್ತದೆ. ಇಂಗ್ಲೆಂಡಿನಲ್ಲೂ ಅದು ಮೊದಲು ಜಮೀನ್ದಾರರ ಆಸ್ತಿಗೇ ಇದ್ದ ಹೆಸರು. ಇಪ್ಪತ್ತನೇ ಶತಮಾನದಲ್ಲಿ ಅದೇ ಪದದ ಹಿಂದೆ ‘ಕೌನ್ಸಿಲ್’ ಎಂದು ಸೇರಿಸಿದರೆ ಕೂಲಿಯವರ ಬಾಡಿಗೆ ಮನೆಗಳು, ‘ಪ್ರೈವೇಟ್’ ಎಂದು ಸೇರಿಸಿದರೆ ಮರ್ಯಾದಸ್ಥರ ಸ್ವಂತ ಮನೆಗಳು. ಹೊರಗಿನವರ ಕಣ್ಣಿಗೆ ಇಟ್ಟಿಗೆಯೂ ಚಾವಣಿಯೂ ಹೆಚ್ಚು ಕಡಿಮೆ ಒಂದೇ. ಒಳಗಿನವರಿಗೆ ಆ ಒಂದು ವಿಶೇಷಣವೇ ಎಲ್ಲ.

ಕಟ್ಸ್‌ಲೋದಲ್ಲಿ ಈ ಎರಡೂ ಅಕ್ಕಪಕ್ಕ ಬಂದವು. ಆಕ್ಸ್‌ಫರ್ಡ್ ಆಗ ಬರೀ ವಿಶ್ವವಿದ್ಯಾಲಯದ ಊರಾಗಿ ಉಳಿದಿರಲಿಲ್ಲ. ಕೌಲಿಯಲ್ಲಿ ವಿಲಿಯಂ ಮಾರಿಸ್‌ನ ಕಾರು ಕಾರ್ಖಾನೆ ಬೆಳೆದು ದೇಶದ ಎಲ್ಲ ಕಡೆಯಿಂದ ಕೆಲಸಗಾರರು ಬರುತ್ತಿದ್ದರು. 1930ರ ದಶಕದ ಆರಂಭದಲ್ಲಿ ನಗರ ಮಂಡಳಿ ಕಟ್ಸ್‌ಲೋದ ತನ್ನ ಜಮೀನಿನ ಒಂದು ಭಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿತು. ಮುಖ್ಯರಸ್ತೆಗೆ ಹತ್ತಿರದ ಇನ್ನೊಂದು ಭಾಗವನ್ನು ಅರ್ಬನ್ ಹೌಸಿಂಗ್ ಕಂಪನಿಗೆ ಮಾರಿತು. ಕಂಪನಿಯ ಮುಖ್ಯಸ್ಥ ಕ್ಲೈವ್ ಸ್ಯಾಕ್ಸ್‌ಟನ್ ಅಲ್ಲಿ ಮನೆ ಕಟ್ಟಿ ಮಾರಾಟಕ್ಕಿಟ್ಟ.

ನಗರದ ಕೊಳಗೇರಿಗಳಿಂದ ಎಬ್ಬಿಸಿದ ಕೆಲವು ಕುಟುಂಬಗಳಿಗೆ ಮಂಡಳಿ ಇಲ್ಲಿ ಮನೆ ಕೊಟ್ಟಾಗ ತಕರಾರು ಎದ್ದಿತು. ಮಂಡಳಿಯ ಮನೆಗಳಲ್ಲಿದ್ದ ಹೆಚ್ಚಿನವರು ಕೊಳಗೇರಿಯಿಂದ ಬಂದವರೇ ಅಲ್ಲ, ಕ್ರಮವಾಗಿ ಬಾಡಿಗೆ ಕಟ್ಟುವ ದುಡಿಮೆಗಾರರು. ಆದರೆ ಮನೆ ಕೊಳ್ಳಲು ಬಂದವರು ಅಷ್ಟೆಲ್ಲ ಲೆಕ್ಕ ಹಾಕುವುದಿಲ್ಲ, ಪಕ್ಕದಲ್ಲಿ ಕೊಳಗೇರಿಯವರಿದ್ದಾರೆಂದರೆ ತನ್ನ ಮನೆಗಳು ಬಿಕರಿಯಾಗುವುದಿಲ್ಲ ಎಂದು ಕಂಪನಿ ಹೆದರಿತು. 1934ರ ಡಿಸೆಂಬರಿನಲ್ಲಿ, ತನ್ನ ಜಮೀನು ಮುಗಿಯುವಲ್ಲಿ, ಎರಡೂ ರಸ್ತೆಗಳಿಗೆ ಅಡ್ಡವಾಗಿ ಇಟ್ಟಿಗೆಯ ಗೋಡೆ ಎಬ್ಬಿಸಿತು. ಎತ್ತರ ಎರಡು ಮೀಟರಿಗೂ ಹೆಚ್ಚು. ಹತ್ತಿ ದಾಟದಂತೆ ಮೇಲೆ ಕಬ್ಬಿಣದ ಮುಳ್ಳುಗಳು.

ಗೋಡೆಯ ಪೂರ್ವದಲ್ಲಿದ್ದವರಿಗೆ ಅದರಿಂದ ಆದದ್ದೇನು? ಅಂಗಡಿಗಳೂ ಬಸ್ಸೂ ಇದ್ದ ಬ್ಯಾನ್ಬರಿ ರಸ್ತೆ ಪಶ್ಚಿಮಕ್ಕಿತ್ತು. ನೇರ ಹೋದರೆ ಕೆಲವೇ ನಿಮಿಷದ ದಾರಿ. ಈಗ ಸುಮಾರು ಅರ್ಧ ಮೈಲಿ ಹೆಚ್ಚು ಸುತ್ತಬೇಕು. ಇಂಗ್ಲೆಂಡಿನ ಇಂಥ ಬಡಾವಣೆಯ ಬದುಕು ನಡಿಗೆಯ ಅಳತೆಯದು. ಆ ದಶಕದಲ್ಲಿ ಕೂಲಿಯವರ ಮನೆಯಲ್ಲಿ ಕಾರು ಇರಲಿಲ್ಲ, ಶೀತಪೆಟ್ಟಿಗೆಯೂ ಇರಲಿಲ್ಲ. ದಿನಸಿಯನ್ನು ಆಗಾಗ ತರಬೇಕು. ಅರ್ಧ ಮೈಲಿ ಎಂದರೆ ನಕಾಶೆಯಲ್ಲಿ ಏನೂ ಅಲ್ಲ. ಮಳೆಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು, ಕೈಯಲ್ಲಿ ಚೀಲ ಹಿಡಿದು, ಹೋಗುವಾಗ ಅಷ್ಟು, ಬರುವಾಗ ಅಷ್ಟು ಎಂದು 24 ವರ್ಷ ನಡೆದರೆ ಅದು ಬೇರೆಯೇ ಲೆಕ್ಕ. ಜೊತೆಗೆ, ನಿಮ್ಮ ಬೀದಿಯ ಕೊನೆಯಲ್ಲಿ ಯಾರೋ ನಿಮಗಾಗಿಯೇ ಮುಳ್ಳು ನೆಟ್ಟಿದ್ದಾರೆಂಬುದನ್ನು ದಿನವೂ ನೋಡಬೇಕು.

ಗೋಡೆಯ ಪಶ್ಚಿಮದವರು ಲಾರ್ಡುಗಳೇನೂ ಆಗಿರಲಿಲ್ಲ. ಇಂಥ ಮನೆಗಳನ್ನು ಕೊಳ್ಳುತ್ತಿದ್ದ ಕೆಳಮಧ್ಯಮ ವರ್ಗದವರಿಗೆ ಮನೆಯೇ ಜೀವಮಾನದ ಒಟ್ಟು ಆಸ್ತಿ, ಅದೂ ಸಾಲದ್ದು. ಅದರ ಬೆಲೆ ಇಟ್ಟಿಗೆಯಲ್ಲಿ ಎಷ್ಟಿತ್ತೋ ನೆರೆಹೊರೆಯ ಹೆಸರಿನಲ್ಲೂ ಅಷ್ಟೇ ಇತ್ತು. ಕೂಲಿಯವರ ಸಾಲಿನಿಂದ ಒಂದು ಮೆಟ್ಟಿಲು ಮೇಲೆ ಬಂದವರಿಗೆ ಆ ಮೆಟ್ಟಿಲು ಕಾಣುವಂತಿರಬೇಕಿತ್ತು. ಸ್ಯಾಕ್ಸ್‌ಟನ್ ಆ ಅಂಜಿಕೆಯನ್ನು ಹುಟ್ಟಿಸಲಿಲ್ಲ, ಅದು ಇದ್ದದ್ದನ್ನು ಕಂಡು ಅದಕ್ಕೆ ತಕ್ಕ ಸರಕು ಒದಗಿಸಿದ. ಅವನೇ ಮೊದಲಿಗನೂ ಅಲ್ಲ. 1926ರಲ್ಲಿ ಲಂಡನ್ನಿನ ಆಗ್ನೇಯಕ್ಕಿರುವ ಡೌನ್‌ಹ್ಯಾಮ್‌ನಲ್ಲಿ, ಬಾಡಿಗೆ ಬಡಾವಣೆಯವರು ತಮ್ಮ ಬೀದಿಗೆ ಬಾರದಂತೆ ಖಾಸಗಿ ಬಡಾವಣೆಯ ಕಡೆಯವರು ಗಾಜಿನ ಚೂರು ಹುದುಗಿಸಿದ ಗೋಡೆ ಕಟ್ಟಿಸಿದ್ದರು.

ಕಟ್ಸ್‌ಲೋದವರು ಸುಮ್ಮನೆ ಕೂರಲಿಲ್ಲ. ಕೌಲಿಯ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯ 1934ರ ಮುಷ್ಕರದಲ್ಲಿ ಮುಂದಾಳಾಗಿದ್ದ ಕಮ್ಯುನಿಸ್ಟ್ ಏಬ್ ಲಾಜರಸ್ ಅವರ ಜೊತೆ ನಿಂತ. 1935ರ ಮೇ 11ರಂದು ಗೋಡೆ ಒಡೆಯುತ್ತೇವೆಂದು ಮೊದಲೇ ಸಾರಿ ದೊಡ್ಡ ಗುಂಪು ಸೇರಿತು. ಪೊಲೀಸರು ಗೋಡೆಯ ಮುಂದೆ ನಿಂತು ತಡೆದರು. ಗೋಡೆ ಉಳಿಯಿತು.

ಮಂಡಳಿಗೂ ಈ ಗೋಡೆ ಬೇಕಿರಲಿಲ್ಲ. ತಾನೇ ಮಾರಿದ ಜಮೀನಿನಲ್ಲಿ, ತನ್ನ ಬಾಡಿಗೆದಾರರ ಮುಖಕ್ಕೇ ಎದ್ದ ಗೋಡೆ ಅದು. ಮಾತುಕತೆಯಿಂದ ದಾರಿ ಕಾಣದೆ 1938ರ ಜೂನ್ 7ರಂದು ಮಂಡಳಿ ತನ್ನ ಕೆಲಸಗಾರರನ್ನು ಕಳಿಸಿ ಗೋಡೆಗಳನ್ನು ಕೆಡವಿಸಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು, ಗೆದ್ದಿತು. ಖಾಸಗಿ ಜಾಗದಲ್ಲಿ ನಿಂತ ಗೋಡೆಯನ್ನು ತಾನೇ ಹೋಗಿ ಕೆಡವುವ ಅಧಿಕಾರ ಮಂಡಳಿಗಿರಲಿಲ್ಲ ಎಂದಾಯಿತು. ಗೋಡೆಗಳು ಮತ್ತೆ ಎದ್ದವು. ಮೊದಲು ಅವು ಒಬ್ಬ ವ್ಯಾಪಾರಿಯ ಮೊಂಡುತನವಾಗಿದ್ದವು; ಈಗ ಕಾನೂನಿನ ಬೆಂಬಲವೂ ದೊರೆತಿತ್ತು.

ಅಷ್ಟರಲ್ಲಿ ಮಹಾಯುದ್ಧ ಬಂತು. ತಾಲೀಮಿಗೆ ಬಂದ ಸೈನ್ಯದ ಟ್ಯಾಂಕೊಂದು ದಾರಿ ತಪ್ಪಿ ಒಂದು ಗೋಡೆಯ ಮೂಲಕವೇ ನುಗ್ಗಿಹೋಯಿತು. ಅದನ್ನೂ ಮತ್ತೆ ಕಟ್ಟಲಾಯಿತು, ಖರ್ಚು ಯುದ್ಧ ಇಲಾಖೆಯದು. ಗೋಡೆಯ ಎರಡೂ ಕಡೆಯವರಿಗೆ ಅದೇ ರೇಷನ್ ಚೀಟಿ, ಅದೇ ಸೈರನ್ನು, ಅದೇ ಕತ್ತಲೆಯ ರಾತ್ರಿಗಳು. ದೇಶವೆಲ್ಲ ಒಂದೇ ಎಂಬ ಮಾತು ಬಾನುಲಿಯಲ್ಲೂ ಪತ್ರಿಕೆಗಳಲ್ಲೂ ಕೇಳಿಬರುತ್ತಿದ್ದ ವರ್ಷಗಳವು. ಆ ವರ್ಷಗಳಲ್ಲೇ ಸರ್ಕಾರದ ಹಣದಿಂದ ಈ ಗೋಡೆ ದುರಸ್ತಿಯಾಯಿತು.

ಯುದ್ಧ ಮುಗಿದು ಲೇಬರ್ ಸರ್ಕಾರ ಬಂತು, ರಾಷ್ಟ್ರೀಯ ಆರೋಗ್ಯ ಸೇವೆ ಬಂತು, ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದರು. ಗೋಡೆಗಳು ಹಾಗೆಯೇ ಇದ್ದವು. ಗೋಡೆ ಕಟ್ಟುವಾಗ ಹುಟ್ಟಿದ ಮಗು ಶಾಲೆ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯ ವಯಸ್ಸಿಗೆ ಬಂದಿತ್ತು. ಕೊನೆಗೆ ಬಿಡುಗಡೆ ಬಂದದ್ದು ಬಹಳ ಸಪ್ಪೆಯಾಗಿ, ಕ್ರಯಪತ್ರದ ಮೂಲಕ. ಗೋಡೆಗಳು ನಿಂತಿದ್ದ 9 ಇಂಚು ಅಗಲದ ನೆಲದ ಪಟ್ಟಿಗಳನ್ನು ನಗರ ಮಂಡಳಿ 1,000 ಪೌಂಡ್ ಕೊಟ್ಟು ಕೊಂಡುಕೊಂಡಿತು. ನೆಲ ತನ್ನದಾದ ಮೇಲೆ, 1959ರ ಮಾರ್ಚ್ 9ರಂದು, ಅವುಗಳನ್ನು ಕೆಡವಿಸಿತು. ಜನರ ಗುಂಪಿನಿಂದಾಗಲಿ ಆಡಳಿತದ ಅಧಿಕಾರದಿಂದಾಗಲಿ ಬೀಳದ ಗೋಡೆ, ಆಸ್ತಿಯನ್ನು ಆಸ್ತಿಯಾಗಿಯೇ ಒಪ್ಪಿಕೊಂಡು ಬೆಲೆ ತೆತ್ತಾಗ ಬಿತ್ತು. ಬಹುಕಾಲ ಹಿಂದೆ ತಾನೇ ಮಾರಿದ್ದ ನೆಲದಲ್ಲಿ 9 ಇಂಚನ್ನು ಮಂಡಳಿ ವಾಪಸು ಕೊಳ್ಳಬೇಕಾಯಿತು.

ಸಮಾಜಶಾಸ್ತ್ರಜ್ಞ ಪೀಟರ್ ಕಾಲಿಸನ್ ಈ ಗೋಡೆಗಳ ಮೇಲೆಯೇ ಒಂದು ಪುಸ್ತಕ ಬರೆದರು. 1963ರಲ್ಲಿ ಬಂದ ‘ದಿ ಕಟ್ಸ್‌ಲೋ ವಾಲ್ಸ್’ ಇಂಗ್ಲೆಂಡಿನ ವರ್ಗಭೇದವನ್ನು ಎರಡು ಬೀದಿಗಳಲ್ಲಿಟ್ಟು ನೋಡಿದ ಅಧ್ಯಯನ. ಆಮೇಲೆ 1980ರ ವಸತಿ ಕಾಯ್ದೆ ಬಂದು, ಬಾಡಿಗೆದಾರರು ತಾವಿದ್ದ ಮಂಡಳಿಯ ಮನೆಗಳನ್ನೇ ರಿಯಾಯಿತಿ ದರದಲ್ಲಿ ಕೊಳ್ಳಬಹುದು ಎಂದಾದ ಮೇಲೆ, ಅಂಥ ಮನೆಗಳಲ್ಲಿ ಎಷ್ಟೋ ಖಾಸಗಿಯಾದವು. ಇಂದು ಆಕ್ಸ್‌ಫರ್ಡ್ ಬ್ರಿಟನ್ನಿನಲ್ಲಿ ಆದಾಯಕ್ಕೆ ಹೋಲಿಸಿದರೆ ಮನೆ ಅತ್ಯಂತ ದುಬಾರಿಯಾದ ಊರುಗಳಲ್ಲೊಂದು. ಆಗ ಗೋಡೆಯ ಪಶ್ಚಿಮದಲ್ಲಿ ಮನೆ ಕೊಂಡ ಗುಮಾಸ್ತನಂಥವರಿಗೆ ಈಗ ಪೂರ್ವದಲ್ಲೂ ಕೊಳ್ಳುವುದು ಕಷ್ಟ.

ಹೆಸರುಗಳು ಮಾತ್ರ ಬದಲಾಗಲಿಲ್ಲ. ಕಟ್ಸ್‌ಲೋ ಎಂಬುದರ ಕೊನೆಯ ತುಂಡು ಹಳೆಯ ಇಂಗ್ಲಿಷಿನ, ದಿಬ್ಬ ಅಥವಾ ಸಮಾಧಿಗುಡ್ಡೆ ಎಂಬ ಅರ್ಥದ ಪದ. ಗುಡ್ಡೆ ಹೋಗಿ ಶತಮಾನಗಳಾದರೂ ಊರಿನ ಹೆಸರಿನಲ್ಲಿ ಅದು ಉಳಿದಿದೆ. ಗೋಡೆಗಳ ವಿಷಯದಲ್ಲೂ ಹಾಗೆಯೇ ಆಯಿತು. ವುಲ್ಸಿ ಎಂದರೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಅಡಿಪಾಯ ಹಾಕಿದ ಕಾರ್ಡಿನಲ್‌ನನ್ನು ನೆನಪಿಸುವ ಹೆಸರು. ಅದು ಸಿಕ್ಕಿದ್ದು ಬಾಡಿಗೆ ಮನೆಗಳ ಬೀದಿಗೆ. ಗೋಡೆ ಬಿದ್ದ ಮೇಲೂ ಎರಡು ತುಂಡು ರಸ್ತೆಗಳಿಗೆ ಒಂದೇ ಹೆಸರಿಡಲಿಲ್ಲ. ಅಲ್ಲಿಗೆ ಹೊಸದಾಗಿ ಬರುವ ಅಂಚೆಯವನು ಕಾರ್ಲ್‌ಟನ್ ರಸ್ತೆ ಎಲ್ಲಿ ಮುಗಿದು ವುಲ್ಸಿ ರಸ್ತೆ ಎಲ್ಲಿ ಶುರುವಾಗುತ್ತದೆಂದು ಈಗಲೂ ಕಲಿಯಲೇಬೇಕು.